ಚಕ್ರದ ನಟ್ಟು ಬಿಚ್ಚಿ ನೋಡಿದ್ದೀರಾ?

ಹಿಂದಿನ ಸಂಚಿಕೆಯಲ್ಲಿ ಬ್ಯಾಟರಿಯ ಬಗ್ಗೆ ಬರೆದು, ಕೊನೆಯಲ್ಲಿ ‘ಮಳೆಗಾಲ ಮುಗಿದ ಮೇಲೆ ಚಕ್ರದ ನಟ್ಟುಗಳನ್ನೂ ಒಮ್ಮೆ ಬಿಚ್ಚಿ ನೋಡಿ, ಎಣ್ಣೆ ಮಾತ್ರ ಹಚ್ಚಬೇಡಿ’ ಎಂದು ಒಂದು ಸಾಲು ಸೇರಿಸಿದ್ದೆ. ಬ್ಯಾಟರಿಯ ಬಗ್ಗೆ ಯಾರೂ ಏನನ್ನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ನಟ್ಟಿನವು. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿ ನಡೆಸುವ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಕಾಗದದಲ್ಲಿ ಸುತ್ತಿದ ಒಂದು ತುಕ್ಕು ನಟ್ಟನ್ನು ಕೌಂಟರಿನ ಮೇಲಿಟ್ಟು ‘ಇಂಥದ್ದೇ ಒಂದು ಕೊಡಿ ಅಕ್ಕ’ ಎನ್ನುವವರು ದಿನವೂ ಬರುತ್ತಾರೆ. ಯಾವ ಕಾರು, ಯಾವ ರಿಮ್ ಎಂದು ನಾನು ತಿರುಗಿ ಕೇಳಿದರೆ, ಅದಕ್ಕೂ ನಟ್ಟಿಗೂ ಏನು ಸಂಬಂಧ ಎಂಬಂತೆ ಮುಖ ನೋಡುತ್ತಾರೆ. ಸಂಬಂಧವಿದೆ. ಈ ಸಲದ ಪುಟವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ನನ್ನದು 1999ರ ಮಾರುತಿ 800. ವರ್ಷದಲ್ಲಿ ಅರ್ಧ ಮಳೆ, ಅರ್ಧ ಧೂಳು. ಚಕ್ರದ ನಟ್ಟುಗಳೆಲ್ಲ ತುಕ್ಕು ಹಿಡಿದಿವೆ, ಒಂದು ಚಕ್ರದಲ್ಲಂತೂ ನಾಲ್ಕು ನಟ್ಟು ನಾಲ್ಕು ರೀತಿ. ಎಲ್ಲವನ್ನೂ ಬದಲಿಸಬೇಕೇ, ಕೆಟ್ಟಿರುವುದನ್ನು ಮಾತ್ರವೇ? ಅಂಗಡಿಯಲ್ಲಿ 12 ಎಂ.ಎಂ. ನಟ್ಟು ಎಂದು ಕೇಳಿದರೆ ಸಾಕೇ?
— ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ ಮೇಷ್ಟರೇ: ಸಾಲದು. 12 ಎಂ.ಎಂ. ಎನ್ನುವುದು ಸ್ಟಡ್ಡಿನ, ಅಂದರೆ ಚಕ್ರದ ತೂತಿನಿಂದ ಹೊರಗೆ ಚಾಚಿ ನಟ್ಟು ಕೂರುವ ಬೋಲ್ಟಿನ, ದಪ್ಪ. ಅದರ ಜೊತೆಗೆ ಥ್ರೆಡ್ಡಿನ, ಅಂದರೆ ಅದರ ಮೇಲಿನ ಸುರುಳಿ ಗೆರೆಗಳ, ಅಂತರವನ್ನೂ ಹೇಳಬೇಕು. ನಿಮ್ಮ ಮಾರುತಿಯದು 1.25 ಎಂ.ಎಂ. ಅಂತರದ ಥ್ರೆಡ್. ಟೊಯೊಟಾ, ಹೋಂಡಾ, ಹ್ಯುಂಡೈ ಕಾರುಗಳ ಸ್ಟಡ್ ಕೂಡ 12 ಎಂ.ಎಂ. ದಪ್ಪದ್ದೇ, ಆದರೆ ಅಂತರ 1.5. ಕೈಯಲ್ಲಿ ಹಿಡಿದು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. 1.5ರ ನಟ್ಟನ್ನು ನಿಮ್ಮ ಸ್ಟಡ್ಡಿಗೆ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ. ತುಕ್ಕಿನಿಂದ ಬಿಗಿಯಾಗಿದೆ ಎಂದುಕೊಂಡು ಸ್ಪ್ಯಾನರ್ ಹಾಕಿ ತಿರುಗಿಸಿದವರಿಗೆ ನಟ್ಟೂ ಹೋಯಿತು, ಸ್ಟಡ್ಡೂ ಹೋಯಿತು. ಆದ್ದರಿಂದ ಒಂದೇ ಪರೀಕ್ಷೆ ಸಾಕು: ಸ್ವಚ್ಛಗೊಳಿಸಿದ ಸ್ಟಡ್ಡಿನ ಮೇಲೆ ಹೊಸ ನಟ್ಟು ಬರೀ ಬೆರಳಿನಿಂದ ಕೊನೆಯವರೆಗೆ ಹೋಗಬೇಕು. ಹೋಗದಿದ್ದರೆ ಅದು ನಿಮ್ಮ ನಟ್ಟಲ್ಲ, ವಾಪಸು ತನ್ನಿ. ಬದಲಾಯಿಸಿ ಕೊಡದ ಅಂಗಡಿಗೆ ಮತ್ತೆ ಹೋಗಬೇಡಿ.

ಇನ್ನು ತುಕ್ಕಿನ ವಿಚಾರ. ನಟ್ಟಿನ ಹೊರಮೈ ಕೆಂಪಾದ ಮಾತ್ರಕ್ಕೆ ಅದು ಕೆಟ್ಟಿದೆ ಎಂದಲ್ಲ. ನೋಡಬೇಕಾದ ಜಾಗ ಮೂರು. ಒಂದು, ಆರು ಮೂಲೆಗಳು: ಸ್ಪ್ಯಾನರ್ ಹಾಕಿದರೆ ಅಲುಗಾಡುತ್ತದೆಯೇ? ಎರಡು, ಒಳಗಿನ ಥ್ರೆಡ್. ಮೂರನೆಯದನ್ನು ಯಾರೂ ನೋಡುವುದಿಲ್ಲ. ಅದು ರಿಮ್ಮಿನ ತೂತಿನೊಳಗೆ ಕೂರುವ ಓರೆ ಮುಖ. ಚಕ್ರವನ್ನು ಹಬ್ಬಿಗೆ, ಅಂದರೆ ಕಾರಿನಲ್ಲಿ ಚಕ್ರ ಕೂರುವ ತಿರುಗುವ ಭಾಗಕ್ಕೆ, ಒತ್ತಿ ಹಿಡಿಯುವುದು ಆ ಓರೆ ಮುಖವೇ. ಅದರ ಮೇಲೆ ತುಕ್ಕು ಕೊರೆದು ಗುಳಿ ಬಿದ್ದಿದ್ದರೆ ಅಥವಾ ಒಂದು ಪಕ್ಕ ಮಾತ್ರ ಸವೆದು ಹೊಳೆಯುತ್ತಿದ್ದರೆ ನಟ್ಟನ್ನು ಎಸೆಯಿರಿ. ಹಾಗೆಯೇ ರಿಮ್ಮಿನ ತೂತನ್ನೂ ಬೆರಳಿನಿಂದ ಸವರಿ ನೋಡಿ. ತೂತು ಗುಂಡಗಿರದೆ ಮೊಟ್ಟೆಯಾಕಾರವಾಗಿದ್ದರೆ ಹೊಸ ನಟ್ಟಿನಿಂದ ಏನೂ ಉಪಯೋಗವಿಲ್ಲ, ರಿಮ್ಮನ್ನೇ ಬದಲಿಸಬೇಕು.

ನಾಲ್ಕು ನಟ್ಟು ನಾಲ್ಕು ರೀತಿ ಇವೆ ಎಂದಿರಲ್ಲ, ತುಕ್ಕಿಗಿಂತ ನನಗೆ ಅದೇ ಹೆಚ್ಚಿನ ಆತಂಕ. ಪಂಕ್ಚರ್ ಅಂಗಡಿಯ ಡಬ್ಬಿಯಿಂದ ಯಾವುದೋ ಒಂದನ್ನು ಹೆಕ್ಕಿ ಹಾಕಿದ್ದಾರೆ. ಹಾರ್ಡ್‌ವೇರ್ ಅಂಗಡಿಯ ಚಪ್ಪಟೆ ಮುಖದ ಸಾದಾ ನಟ್ಟಿಗೆ ವಾಷರ್ ಕೊಟ್ಟು ಹಾಕಿರುವುದನ್ನೂ ನಾನು ನೋಡಿದ್ದೇನೆ. ಹದಿನಾರನ್ನೂ ಒಟ್ಟಿಗೆ ಬದಲಿಸಿ. ದೊಡ್ಡ ಖರ್ಚಲ್ಲ. ಕಂಪನಿಯ ಪೊಟ್ಟಣದಲ್ಲಿ ಬರುವುದನ್ನೇ ಕೊಳ್ಳಿ. ಹಳೆಯದರಲ್ಲಿ ಚೆನ್ನಾಗಿರುವ ನಾಲ್ಕನ್ನು ತೊಳೆದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ನಟ್ಟು ಬದಲಿಸುವುದಕ್ಕೆ ಜ್ಯಾಕ್ ಕೂಡ ಬೇಕಿಲ್ಲ. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗಲೇ ಒಂದು ನಟ್ಟು ಬಿಚ್ಚಿ, ಸ್ಟಡ್ಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಹೊಸದನ್ನು ಹಾಕಿ ಬಿಗಿಮಾಡಿ. ಆಮೇಲೆ ಅದರ ಎದುರಿನದು. ಹೀಗೆ ಎದುರುಬದುರಾಗಿಯೇ ಹೋಗಬೇಕು, ಸುತ್ತಿಕೊಂಡು ಹೋಗಬಾರದು. ಮುಗಿಸಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ನಟ್ಟು ತನ್ನ ಜಾಗದಲ್ಲಿ ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುತ್ತದೆ. ನೀವು ಶಿವಮೊಗ್ಗಕ್ಕೆ ಒಮ್ಮೆ ಬಂದರೆ ಅಷ್ಟು ದೂರವಾಯಿತು. ಇಲ್ಲಿ ಬಂದು ಕಾರು ತಣ್ಣಗಾದ ಮೇಲೆ ನೋಡಿಕೊಂಡು ವಾಪಸು ಹೋಗಿ.

ಪಂಕ್ಚರ್ ಆದರೆ ನಾನೇ ಸ್ಟೆಪ್ನಿ ಬದಲಿಸಬಲ್ಲೆ ಎಂಬ ಧೈರ್ಯವಿತ್ತು. ಮೊನ್ನೆ ಆಯನೂರಿನ ಹತ್ತಿರ ಟೈರ್ ಕೂತಾಗ ಒಂದು ನಟ್ಟೂ ಅಲುಗಲಿಲ್ಲ. ಕೊನೆಗೆ ದಾರಿಹೋಕರೊಬ್ಬರು ಸ್ಪ್ಯಾನರಿನ ಮೇಲೆ ನಿಂತು ಕುಣಿದು ಬಿಚ್ಚಿದರು. ನನ್ನ ಕೈಯಲ್ಲಿ ಬಲವಿಲ್ಲವೇ?
— ಉಪನ್ಯಾಸಕಿ, ಶಿವಮೊಗ್ಗ

ನಿಮ್ಮ ಕೈಯಲ್ಲಿ ಬೇಕಾದಷ್ಟು ಬಲವಿದೆ ತಂಗಿ. ಹಿಂದಿನ ಸಲ ನಟ್ಟು ಬಿಗಿ ಮಾಡಿದವರ ಕೈಯಲ್ಲಿ ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಗನ್ ಇತ್ತು. ದೋಷ ಅಲ್ಲಿದೆ.

ನೀವು ಉಪನ್ಯಾಸಕಿ, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. 12 ಎಂ.ಎಂ. ಸ್ಟಡ್ ಇರುವ ಸಣ್ಣ ಕಾರುಗಳ ನಟ್ಟಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಬಿಗಿ ಬೇಕು. ನಿಮ್ಮ ಕಾರಿನ ನಿಖರ ಅಂಕಿ ಅದರ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. 85 ಎಂದುಕೊಳ್ಳೋಣ. ಕಾರಿನ ಜೊತೆ ಕೊಡುವ ಸ್ಪ್ಯಾನರಿನ ಉದ್ದ ಸುಮಾರು 30 ಸೆಂಟಿಮೀಟರ್ ಇದ್ದರೆ, ಅದರ ತುದಿಯಲ್ಲಿ 29 ಕಿಲೋದಷ್ಟು ಭಾರ ಹಾಕಿದಾಗ 85 ಆಗುತ್ತದೆ. ಇದು ಕೈಯಿಂದ ಒತ್ತುವ ಯಾರಿಗಾದರೂ ಸಾಧ್ಯ. ಅದೇ ಸ್ಪ್ಯಾನರಿನ ತುದಿಯಲ್ಲಿ 70 ಕಿಲೋ ತೂಕದ ಮನುಷ್ಯ ಸುಮ್ಮನೆ ನಿಂತರೇ 200 ದಾಟುತ್ತದೆ, ಕುಣಿದರೆ ಇನ್ನೂ ಹೆಚ್ಚು. ಬಿಚ್ಚಲು ಅಷ್ಟು ಬೇಕಾಯಿತು ಎಂದರೆ ಬಿಗಿ ಮಾಡುವಾಗ ಎಷ್ಟು ಹಾಕಿರಬೇಕು, ಯೋಚಿಸಿ. ಅಷ್ಟು ಎಳೆಸಿಕೊಂಡ ಸ್ಟಡ್ ಒಳಗೊಳಗೇ ಉದ್ದವಾಗಿರುತ್ತದೆ, ಮುಂದೊಂದು ದಿನ ಯಾವ ಸೂಚನೆಯನ್ನೂ ಕೊಡದೆ ಮುರಿಯುತ್ತದೆ. ಬ್ರೇಕ್ ಡಿಸ್ಕ್ ಕೂಡ ಒಂದೇ ಸಮ ಕೂರದೆ, ಬ್ರೇಕ್ ಒತ್ತಿದಾಗ ಪೆಡಲ್ ನಡುಗತೊಡಗುತ್ತದೆ.

ಗನ್ನನ್ನೇ ನಾನು ವಿರೋಧಿಸುತ್ತಿಲ್ಲ. ಬಿಚ್ಚಲು ಅದು ಒಳ್ಳೆಯದು. ಹಾಕುವಾಗ ಮಾತ್ರ ‘ಅಣ್ಣ, ಮೊದಲು ಕೈಯಲ್ಲಿ ತಿರುಗಿಸಿ, ಕೊನೆಗೂ ಕೈಯಲ್ಲೇ ಬಿಗಿ ಮಾಡಿ’ ಎಂದು ಹೇಳಿ ಪಕ್ಕದಲ್ಲಿ ನಿಲ್ಲಿ. ಅಂಗಡಿಯವರು ಮುಖ ಸಿಂಡರಿಸಬಹುದು, ಸಿಂಡರಿಸಲಿ. ನಿಮಗೆ ಮನಸ್ಸಿದ್ದರೆ ಒಂದು ಟಾರ್ಕ್ ರೆಂಚ್ ಕೊಳ್ಳಿ. ಬೇಕಾದ ಅಂಕಿಗೆ ತಿರುಗಿಸಿಟ್ಟರೆ, ಅಷ್ಟು ಬಿಗಿಯಾದ ಕೂಡಲೇ ‘ಟಕ್’ ಎನ್ನುತ್ತದೆ. ಟಕ್ ಎಂದ ಮೇಲೂ ‘ಇನ್ನೊಂದು ಸಲ ಇರಲಿ’ ಎಂದು ಎಳೆಯುವ ಗಂಡಸರನ್ನು ನಮ್ಮ ಅಂಗಡಿಯ ಮುಂದೆಯೇ ನೋಡುತ್ತೇನೆ. ಹಾಗಿದ್ದರೆ ಅದನ್ನು ಕೊಂಡಿದ್ದೇಕೋ!

ಇನ್ನೊಂದು ಮಾತು. ನಟ್ಟುಗಳೆಲ್ಲ ಬಿಚ್ಚಿದ ಮೇಲೂ ಚಕ್ರ ಹಬ್ಬಿಗೆ ಅಂಟಿಕೊಂಡು ಬಾರದಿರುವುದು ನಮ್ಮ ಮಳೆಯ ಊರುಗಳಲ್ಲಿ ಮಾಮೂಲು. ಜ್ಯಾಕಿನ ಮೇಲೆ ನಿಂತ ಕಾರನ್ನು ಎಳೆದಾಡಬೇಡಿ, ಅಡಿಗೆ ತಲೆಯನ್ನಂತೂ ಹಾಕಲೇಬೇಡಿ. ನಟ್ಟುಗಳನ್ನು ಮತ್ತೆ ಹಾಕಿ, ಎರಡು ಸುತ್ತು ಸಡಿಲ ಬಿಟ್ಟು, ಕಾರನ್ನು ಕೆಳಗಿಳಿಸಿ ಪಕ್ಕದಿಂದ ಅಲುಗಾಡಿಸಿ. ಕಾರಿನ ಭಾರವೇ ಅಂಟನ್ನು ಬಿಡಿಸುತ್ತದೆ.

ನಮ್ಮ ತೋಟದ ಹಳೆಯ ಮಹೀಂದ್ರ ಜೀಪಿನ ಎಡಗಡೆಯ ಚಕ್ರ ಬಿಚ್ಚುವಾಗ ಹುಡುಗ ಎರಡು ಸ್ಟಡ್ ಮುರಿದ. ಬಲಗಡೆ ಸಲೀಸಾಗಿ ಬಂದಿತ್ತು. ಎಡಗಡೆ ಮಾತ್ರ ಹೀಗೇಕೆ?
— ಕಾಫಿ ಬೆಳೆಗಾರರು, ಕೊಪ್ಪ

ಹುಡುಗನನ್ನು ಬೈಯಬೇಡಿ. ಅವನು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಿದ್ದ. ಅಮೆರಿಕದ ವಿಲ್ಲಿಸ್ ಕಂಪನಿಯ ಕಾಲದ ಜೀಪುಗಳ ಎಡಗಡೆಯ ಚಕ್ರಗಳಿಗೆ ಎಡಥ್ರೆಡ್ಡಿನ ನಟ್ಟು ಇರುತ್ತಿತ್ತು. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ, ಉಲ್ಟಾ ತಿರುಗಿಸಿದರೆ ಬಿಗಿಯುತ್ತದೆ. ಅದೇ ವಂಶದ ಹಳೆಯ ಮಹೀಂದ್ರ ಜೀಪುಗಳಲ್ಲೂ ಇದನ್ನು ನೋಡಬಹುದು. ನಟ್ಟಿನ ಮೇಲೆ ಅಥವಾ ಸ್ಟಡ್ಡಿನ ತುದಿಯಲ್ಲಿ ಎಲ್ ಅಕ್ಷರ ಕೊರೆದಿರುತ್ತದೆ. ಕೆಸರು, ಬಣ್ಣ, ತುಕ್ಕುಗಳ ಅಡಿ ಅದು ಕಾಣಿಸದಿದ್ದರೆ ಒಂದು ಸ್ಟಡ್ಡಿನ ತುದಿಯನ್ನು ಉಜ್ಜಿ, ಥ್ರೆಡ್ ಯಾವ ಕಡೆ ಏರುತ್ತದೆ ಎಂದು ನೋಡಿದರೂ ತಿಳಿಯುತ್ತದೆ.

ಇದೇನು ಹುಚ್ಚು ಎಂದುಕೊಳ್ಳಬೇಡಿ. ಗಾಡಿ ಮುಂದೆ ಹೋಗುವಾಗ ಎಡಗಡೆಯ ಚಕ್ರ, ಹೊರಗೆ ನಿಂತು ನೋಡುವವರಿಗೆ, ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಸ್ವಲ್ಪ ಸಡಿಲವಾದ ಸಾಮಾನ್ಯ ನಟ್ಟನ್ನು ಆ ತಿರುಗಾಟ ಇನ್ನಷ್ಟು ಬಿಚ್ಚುವ ಕಡೆಗೆ ತಳ್ಳುತ್ತದೆ. ಅದಕ್ಕೆಂದೇ ಎಡಥ್ರೆಡ್. ಓರೆ ಮುಖದ ನಟ್ಟನ್ನು ಸರಿಯಾಗಿ ಬಿಗಿ ಮಾಡಿದರೆ ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ ಎಂಬ ನಂಬಿಕೆ ಬಂದ ಮೇಲೆ ಕಾರುಗಳಲ್ಲಿ ಈ ಪದ್ಧತಿಯನ್ನು ಕೈಬಿಟ್ಟರು. ಆದರೂ ನಾನು ಯಾವ ಗಾಡಿಯ ನಟ್ಟು ನೋಡಬೇಕಾದರೂ ಎಡಗಡೆಯಿಂದಲೇ ಶುರುಮಾಡುತ್ತೇನೆ.

ಮುರಿದ ಸ್ಟಡ್ಡಿಗೆ ಬದಲಾಗಿ ಬಲಥ್ರೆಡ್ಡಿನದು ಸಿಕ್ಕಿತೆಂದು ಎರಡನ್ನು ಮಾತ್ರ ಅದರಲ್ಲಿ ಹಾಕಿಸಬೇಡಿ. ಒಂದೇ ಚಕ್ರದಲ್ಲಿ ಮೂರು ಒಂದು ದಿಕ್ಕು, ಎರಡು ಇನ್ನೊಂದು ದಿಕ್ಕು ಆದರೆ ಮುಂದಿನ ಹುಡುಗ ಉಳಿದದ್ದನ್ನೂ ಮುರಿಯುತ್ತಾನೆ. ಎಡಥ್ರೆಡ್ ಸ್ಟಡ್ ಸಿಗದಿದ್ದರೆ ಆ ಚಕ್ರದ ಐದನ್ನೂ ಬಲಥ್ರೆಡ್ಡಿಗೆ ಬದಲಿಸಿ, ಜೀಪಿನ ಒಳಗೆ ಕಾಣುವಂತೆ ಬಣ್ಣದಲ್ಲಿ ಬರೆದಿಡಿ.

ಸ್ಟಡ್ಡನ್ನು ಹಬ್ಬಿನ ಹಿಂದಿನಿಂದ, ಕೊಡಲಿಗೆ ಕಾವು ಕೂರಿಸಿದ ಹಾಗೆ, ಬಿಗಿಯಾಗಿ ಹೊಗಿಸಿರುತ್ತಾರೆ. ಅದರ ಕತ್ತಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿದ್ದು ತಿರುಗದಂತೆ ಕಚ್ಚಿ ಹಿಡಿಯುತ್ತವೆ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬೇರಿಂಗಿಗೆ ಪೆಟ್ಟು. ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇರುವ ಗ್ಯಾರೇಜಿಗೆ ಕೊಡಿ. ಕತ್ತಿನ ಹಲ್ಲು ಸವೆದು ಸ್ಟಡ್ ನಟ್ಟಿನ ಜೊತೆಗೇ ತಿರುಗುತ್ತಿದ್ದರೆ, ವೆಲ್ಡಿಂಗ್ ಹಾಕಿ ನಿಲ್ಲಿಸುತ್ತೇವೆ ಎನ್ನುವವರು ಸಿಗುತ್ತಾರೆ. ಬೇಡ. ವೆಲ್ಡಿಂಗಿನ ಶಾಖಕ್ಕೆ ಸ್ಟಡ್ಡಿನ ಗಟ್ಟಿತನವೇ ಹೋಗುತ್ತದೆ.

ಜೀಪಿನವರ ಮನೆಯಲ್ಲಿ ಕಾರೂ ಇರುತ್ತದೆ, ಆದ್ದರಿಂದ ಒಂದು ಎಚ್ಚರಿಕೆ. ಆ ಜೀಪಿನ ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್. ಅಂದರೆ ಅಂತರ 1.27 ಎಂ.ಎಂ. ಮಾರುತಿಯದು 1.25. ನೋಡಿ, ಎಷ್ಟು ಹತ್ತಿರ! ಜೀಪಿನ ಬಲಗಡೆಯ ನಟ್ಟನ್ನು ಮಾರುತಿಯ ಸ್ಟಡ್ಡಿಗೆ ಹಾಕಿದರೆ ಬೆರಳಿನಿಂದಲೇ ಕೊನೆಯವರೆಗೆ ಹೋಗುತ್ತದೆ. ಅದರ ಮುಕ್ಕಾಲು ಇಂಚಿನ ತಲೆಗೆ 19ರ ಸ್ಪ್ಯಾನರೂ ಹೊಂದುತ್ತದೆ. ಆದರೆ ಅರ್ಧ ಇಂಚು ಎಂದರೆ 12.7 ಎಂ.ಎಂ. ನಟ್ಟು ದೊಡ್ಡದು, ಸ್ಟಡ್ ಸಣ್ಣದು. ಥ್ರೆಡ್ಡುಗಳು ತುದಿತುದಿಯಲ್ಲಿ ಮಾತ್ರ ಹಿಡಿದುಕೊಂಡಿರುತ್ತವೆ. ಮೇಲೆ ಮೇಷ್ಟರಿಗೆ ಹೇಳಿದ ಬೆರಳಿನ ಪರೀಕ್ಷೆಯಲ್ಲಿ ಇದು ಪಾಸಾಗಿಬಿಡುತ್ತದೆ. ಆದ್ದರಿಂದ ಇನ್ನೊಂದನ್ನು ಸೇರಿಸಿಕೊಳ್ಳಿ: ಅರ್ಧ ದಾರಿಯಲ್ಲಿ ನಟ್ಟನ್ನು ಅಡ್ಡಡ್ಡ ಅಲುಗಾಡಿಸಿ. ಲೊಡಲೊಡ ಎಂದರೆ ತೆಗೆದುಬಿಡಿ. ತೋಟದ ಮನೆಯ ನಟ್ಟಿನ ಡಬ್ಬಿ ಒಂದೇ ಇರಬಾರದು, ಗಾಡಿಗೊಂದು ಇರಲಿ.

ಭದ್ರಾವತಿಯ ಕಾರ್ಖಾನೆಯಲ್ಲಿ ನಾವು ಗ್ರೀಸ್ ಹಚ್ಚದೆ ಒಂದು ಬೋಲ್ಟನ್ನೂ ಹಾಕುತ್ತಿರಲಿಲ್ಲ. ನೀವು ಮಾತ್ರ ಚಕ್ರದ ನಟ್ಟಿಗೆ ಎಣ್ಣೆ ಬೇಡ ಎನ್ನುತ್ತೀರಿ. ಮಲೆನಾಡಿನ ಮಳೆಗೆ ಎಣ್ಣೆ ಇಲ್ಲದೆ ಹೇಗೆ?
— ನಿವೃತ್ತ ಕಾರ್ಮಿಕರು, ಭದ್ರಾವತಿ

ಹಿರಿಯರೇ, ಕಬ್ಬಿಣದ ವಿಷಯದಲ್ಲಿ ಭದ್ರಾವತಿಯವರಿಗೆ ಪಾಠ ಹೇಳುವಷ್ಟು ಧೈರ್ಯ ನನಗಿಲ್ಲ. 1923ರಿಂದ ಕಬ್ಬಿಣ ಕರಗಿಸಿದ ಊರು ಅದು. ಆದರೂ ಚಕ್ರದ ನಟ್ಟಿನ ಮಟ್ಟಿಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ.

ನಾವು ಸ್ಪ್ಯಾನರಿನಲ್ಲಿ ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನಟ್ಟಿನ ಮುಖ ರಿಮ್ಮಿಗೆ ಉಜ್ಜುವುದರಲ್ಲಿ ಖರ್ಚಾಗುತ್ತದೆ. ನೂರರಲ್ಲಿ ಇನ್ನೊಂದು ನಲವತ್ತು ಭಾಗ ಥ್ರೆಡ್ಡಿನ ಉಜ್ಜಾಟಕ್ಕೆ. ನೂರರಲ್ಲಿ ಹತ್ತರಷ್ಟು ಮಾತ್ರ ಸ್ಟಡ್ಡನ್ನು ಎಳೆಯುತ್ತದೆ. ಚಕ್ರವನ್ನು ಹಿಡಿದಿಡುವುದು ಆ ಹತ್ತು. ಈಗ ಎಣ್ಣೆ ಹಚ್ಚಿದರೆ ಉಜ್ಜಾಟ ಕಡಿಮೆಯಾಗಿ, ಉಳಿದ ಬಲವೆಲ್ಲ ಎಳೆತಕ್ಕೆ ಸೇರುತ್ತದೆ. ಟಾರ್ಕ್ ರೆಂಚ್ ಅದೇ 85 ತೋರಿಸುತ್ತಿರುತ್ತದೆ, ಒಳಗೆ ಸ್ಟಡ್ ಮಾತ್ರ ಅಳತೆ ಮೀರಿ ಎಳೆಸಿಕೊಂಡಿರುತ್ತದೆ. ನಿಮ್ಮ ಕಾರ್ಖಾನೆಯಲ್ಲಿ ಗ್ರೀಸ್ ಹಚ್ಚುವುದಕ್ಕೆ ತಕ್ಕ ಅಂಕಿಯನ್ನೇ ಇಟ್ಟುಕೊಂಡಿದ್ದಿರಬೇಕು. ಕಾರಿನ ಕೈಪಿಡಿಯ ಅಂಕಿ ಸಾಮಾನ್ಯವಾಗಿ ಸ್ವಚ್ಛವಾದ, ಒಣ ಥ್ರೆಡ್ಡಿಗೆ ಕೊಟ್ಟದ್ದು. ಎಣ್ಣೆ ಹಚ್ಚಲೇಬೇಕೆಂದು ಕೈಪಿಡಿಯೇ ಹೇಳಿದ್ದರೆ ಹಚ್ಚಿ, ನನ್ನದೇನೂ ತಕರಾರಿಲ್ಲ.

ಹಾಗಾದರೆ ಮಳೆಗೆ ಏನು ಮಾಡುವುದು? ಗ್ರೀಸ್ ಹಚ್ಚಬೇಕಾದ ಜಾಗ ಬೇರೆ ಇದೆ. ಚಕ್ರ ಬಿಚ್ಚಿದಾಗ ಹಬ್ಬಿನ ನಡುವೆ, ರಿಮ್ಮಿನ ದೊಡ್ಡ ತೂತು ಕೂರುವ ಉಬ್ಬು ಕಾಣುತ್ತದೆ. ಅದನ್ನು ಬ್ರಷ್‌ನಿಂದ ಉಜ್ಜಿ ಬೆರಳಿನಲ್ಲಿ ತೆಳುವಾಗಿ ಗ್ರೀಸ್ ಸವರಿ. ಸ್ಟಡ್ಡಿಗೆ, ನಟ್ಟಿನ ಮುಖಕ್ಕೆ, ಬ್ರೇಕಿಗೆ ಒಂದು ಹನಿಯೂ ತಾಗಬಾರದು. ಬಿಚ್ಚಲು ಬಾರದ ನಟ್ಟಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ರಾತ್ರಿ ಹಾಕಿ ಬೆಳಗಿನವರೆಗೆ ಬಿಡುವುದು ಸರಿಯಾದ ಕ್ರಮವೇ. ಬಿಚ್ಚಿದ ಮೇಲೆ ಅದನ್ನು ಪೂರ್ತಿ ಒರೆಸಿ ತೆಗೆಯಬೇಕು ಅಷ್ಟೇ. ಇದೆಲ್ಲಕ್ಕಿಂತ ಸುಲಭದ್ದು: ವರ್ಷಕ್ಕೆರಡು ಸಲ, ಮೇ ತಿಂಗಳಲ್ಲೊಮ್ಮೆ, ಮಳೆ ಹೊಳವಾದ ಮೇಲೊಮ್ಮೆ ನಟ್ಟು ಬಿಚ್ಚಿ, ಉಜ್ಜಿ, ಮತ್ತೆ ಹಾಕುವುದು. ಆಗಾಗ ಬಿಚ್ಚುವ ನಟ್ಟು ತುಕ್ಕು ಹಿಡಿದು ಸ್ಟಡ್ಡಿಗೆ ಕಚ್ಚಿಕೊಳ್ಳುವುದು ಅಪರೂಪ.

ಅಡಿಕೆಗೆ ಔಷಧಿ ಹೊಡೆಯುವ ಕಾಲದಲ್ಲಿ ಹಳೆಯ ವ್ಯಾನಿನಲ್ಲೇ ಡ್ರಮ್ಮು, ಮೈಲುತುತ್ತು ಸಾಗಿಸುತ್ತೇವೆ. ಹಿಂದಿನ ಚಕ್ರದ ನಟ್ಟುಗಳು ಒಂದೇ ವರ್ಷದಲ್ಲಿ ತಿಂದುಹೋದ ಹಾಗಾಗಿವೆ. ಮುಂದಿನವು ಚೆನ್ನಾಗಿವೆ.
— ಕೃಷಿಕರು, ತೀರ್ಥಹಳ್ಳಿ

ಇದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತೀರಲ್ಲ? ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಸೇರಿಸುತ್ತೀರಿ. ಆಗ ಅಲ್ಲಿ ಕಬ್ಬಿಣ ಕರಗಿ, ಅದರ ಜಾಗಕ್ಕೆ ಮೈಲುತುತ್ತಿನಲ್ಲಿರುವ ತಾಮ್ರ ಬಂದು ಕೂರುತ್ತಿರುತ್ತದೆ. ನಿಮ್ಮ ನಟ್ಟಿಗೆ ಆಗುತ್ತಿರುವುದೂ ಅದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಹದ ಮಾಡಿದ ದ್ರಾವಣ ಕಬ್ಬಿಣಕ್ಕೆ ಅಷ್ಟು ಕೇಡು ಮಾಡುವುದಿಲ್ಲ. ಸುಣ್ಣ ಬೀಳುವ ಮೊದಲಿನ ಬರೀ ಮೈಲುತುತ್ತಿನ ನೀರು, ಚೀಲದಿಂದ ಉದುರಿದ ಹರಳು, ಅದರ ಮೇಲೆ ಬಿದ್ದ ಮಳೆ — ಇವು ಕೇಡು ಮಾಡುತ್ತವೆ. ಅದು ವ್ಯಾನಿನ ತಳದ ಸಂದಿಗಳಿಂದ ಇಳಿದು ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ.

ಮೈಲುತುತ್ತನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಾಗಿಸಿ, ದ್ರಾವಣ ಬೆರೆಸುವುದನ್ನು ತೋಟದಲ್ಲೇ ಇಟ್ಟುಕೊಳ್ಳಿ. ಆ ದಿನ ಸಂಜೆಯೇ ಚಕ್ರಗಳಿಗೆ ಧಾರಾಳವಾಗಿ ನೀರು ಬಿಡಿ. ಪ್ಲಾಸ್ಟಿಕ್ ವೀಲ್ ಕವರ್ ಇದ್ದರೆ ತೆಗೆದು ತೊಳೆಯಿರಿ, ಅದರ ಹಿಂದೆ ಕೆಸರಿನ ಜೊತೆ ಎಲ್ಲವೂ ಸೇರಿಕೊಂಡಿರುತ್ತದೆ. ಹಿಂದಿನ ನಟ್ಟುಗಳನ್ನಂತೂ ಬದಲಿಸಲೇಬೇಕು. ಬ್ರೇಕಿನ ಪೈಪುಗಳನ್ನೂ ನೋಡಿಸಿ. ನಟ್ಟನ್ನು ತಿಂದದ್ದು ಅದನ್ನು ಬಿಟ್ಟಿರಲಿಕ್ಕಿಲ್ಲ.

ಹಳೆಯ ಕಾರಿಗೆ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ಹಾಕಿಸಿದೆ. ಹಳೆಯ ನಟ್ಟನ್ನೇ ಹಾಕಿದ್ದಾರೆ. ನಿಧಾನಕ್ಕೆ ಹೋಗುವಾಗ ಟಕಟಕ ಸದ್ದು ಬರುತ್ತದೆ.
— ಓದುಗರು, ಸಾಗರ

ಕಾರನ್ನು ಇವತ್ತೇ ನಿಲ್ಲಿಸಿ, ಆಮೇಲೆ ಮುಂದಿನದನ್ನು ಓದಿ.

ನಟ್ಟಿನ ಮುಖ ಮೂರು ಬಗೆ. ಮಾರುತಿಯಂತಹ ಕಾರುಗಳದು ನೇರವಾಗಿ ಓರೆಯಾದದ್ದು. ಹೋಂಡಾದ್ದು ಚೆಂಡಿನಂತೆ ಉರುಟು, ಫೋಕ್ಸ್‌ವ್ಯಾಗನ್ನಿನ ಬೋಲ್ಟುಗಳೂ ಹಾಗೆಯೇ. ಟೊಯೊಟಾದ ಅನೇಕ ಅಲಾಯ್ ಚಕ್ರಗಳಿಗೆ ಚಪ್ಪಟೆ ವಾಷರ್ ಇರುವ, ಉದ್ದ ಕತ್ತಿನ ನಟ್ಟು. ರಿಮ್ ಯಾವ ಮುಖಕ್ಕೆ ಮಾಡಿದ್ದೋ ಅದೇ ನಟ್ಟು ಬೇಕು. ಉರುಟು ಕುಳಿಯಲ್ಲಿ ಓರೆ ನಟ್ಟನ್ನು ಕೂರಿಸಿದರೆ ಒಂದು ತೆಳು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ. ಅಲಾಯ್ ಮೆದು ಲೋಹ. ಆ ಗೆರೆ ಸವೆದ ಕೂಡಲೇ ಬಿಗಿ ಹೋಯಿತು. ನಿಮಗೆ ಕೇಳುತ್ತಿರುವ ಸದ್ದು ಅದೇ ಇರಬಹುದು.

ಇನ್ನೊಂದು, ಅಲಾಯ್ ರಿಮ್ ಕಬ್ಬಿಣದ್ದಕ್ಕಿಂತ ದಪ್ಪ. ಅದು ಸ್ಟಡ್ಡಿನ ಉದ್ದವನ್ನು ತಿನ್ನುತ್ತದೆ. ನಟ್ಟು ಕನಿಷ್ಠ ಸ್ಟಡ್ಡಿನ ದಪ್ಪದಷ್ಟು ಉದ್ದಕ್ಕೆ ಥ್ರೆಡ್ ಹಿಡಿಯಬೇಕು. 1.5ರ ಥ್ರೆಡ್ಡಾದರೆ ಎಂಟು ಪೂರ್ತಿ ಸುತ್ತು, 1.25 ಆದರೆ ಹತ್ತು. ಹಾಕುವಾಗ ಎಣಿಸಿ. ಇದಕ್ಕೆ ಉಲ್ಟಾ ತೊಂದರೆ ಕಬ್ಬಿಣದ ರಿಮ್ಮಿಗೆ ತುದಿ ಮುಚ್ಚಿದ ಟೋಪಿ ನಟ್ಟು ಹಾಕಿದಾಗ. ನೋಡಲು ಅಂದ, ನೀರೂ ಒಳಗೆ ಹೋಗುವುದಿಲ್ಲ. ಆದರೆ ಸ್ಟಡ್ ಉದ್ದವಿದ್ದರೆ ನಟ್ಟು ರಿಮ್ಮನ್ನು ಒತ್ತುವ ಮೊದಲೇ ಸ್ಟಡ್ಡಿನ ತುದಿ ಟೋಪಿಗೆ ತಾಗುತ್ತದೆ. ಕೈಗೆ ಬಿಗಿ, ಚಕ್ರ ಸಡಿಲ. ತೆಳು ತಗಡಿನ ಹೊಳೆಯುವ ಹೊದಿಕೆಯ ನಟ್ಟುಗಳನ್ನಂತೂ ನಮ್ಮ ಸೀಮೆಗೆ ನಾನು ಕೊಡುವುದೇ ಇಲ್ಲ. ತಗಡಿನ ಒಳಗೆ ನೀರು ಸೇರಿ, ತುಕ್ಕು ಉಬ್ಬಿ, ಮಳೆಗಾಲ ಕಳೆಯುವಷ್ಟರಲ್ಲಿ ಸ್ಪ್ಯಾನರೇ ಒಳಹೋಗುವುದಿಲ್ಲ.

ಸಡಿಲ ಚಕ್ರದಲ್ಲಿ ಓಡಿದ್ದರಿಂದ ಆ ಚಕ್ರದ ಸ್ಟಡ್ಡುಗಳನ್ನೆಲ್ಲ ಬದಲಿಸಬೇಕು, ನಟ್ಟು ಮಾತ್ರ ಸಾಲದು.

ಆಯುಧ ಪೂಜೆಗೆ ರಿಮ್ಮುಗಳಿಗೆ ಬೆಳ್ಳಿ ಬಣ್ಣ ಹೊಡೆಸಿದೆ. ಒಂದು ವಾರದಲ್ಲಿ ನಟ್ಟುಗಳು ಸಡಿಲವಾಗಿದ್ದವು. ಕಾಕತಾಳೀಯವೇ?
— ಓದುಗರು, ರಿಪ್ಪನ್‌ಪೇಟೆ

ಅಲ್ಲ. ತೂತಿನ ಓರೆಯ ಮೇಲೆ, ಹಬ್ಬಿಗೆ ತಾಗುವ ಹಿಂಭಾಗದ ಮೇಲೆ ಬಣ್ಣ ದಪ್ಪವಾಗಿ ಕೂತಿದೆ. ನೀವು ಬಿಗಿ ಮಾಡಿದ್ದು ಬಣ್ಣವನ್ನು. ಓಡಿದಂತೆ ಅದು ಪುಡಿಯಾಗಿ ಉದುರಿತು, ಅಷ್ಟೇ ಸಂದು ಬಿತ್ತು. ಆ ಎರಡು ಜಾಗಗಳ ಬಣ್ಣವನ್ನು ಕೆರೆದು ತೆಗೆಯಿಸಿ, ಮತ್ತೆ ಬಿಗಿ ಮಾಡಿ. ಬಣ್ಣ ಹೊಡೆಯುವವರು ಸಾಮಾನ್ಯವಾಗಿ ನಟ್ಟು ಬಿಚ್ಚದೆ ಅದರ ಮೇಲೂ ಸ್ಪ್ರೇ ಹೊಡೆದುಬಿಡುತ್ತಾರೆ, ಸ್ಟಡ್ಡಿನ ಥ್ರೆಡ್ಡಿಗೂ ಹೊಡೆಯುತ್ತಾರೆ. ಮುಂದಿನ ವರ್ಷ ಚಕ್ರ ಬಿಚ್ಚಿಸಿ, ತೂತುಗಳಿಗೆ ಟೇಪ್ ಹಚ್ಚಿಸಿ ಬಣ್ಣ ಹೊಡೆಸಿ. ಅರಿಶಿನ ಕುಂಕುಮಕ್ಕೆ ನನ್ನ ಅಡ್ಡಿಯಿಲ್ಲ.

ಒಂದು ಸ್ಟಡ್ ಮುರಿದು ಮೂರೇ ನಟ್ಟು ಉಳಿದಿವೆ. ಭಾನುವಾರ ಆಗುಂಬೆ ಮೇಲಿಂದ ಉಡುಪಿಗೆ ಮದುವೆಗೆ ಹೋಗಬೇಕು. ಹೋಗಿ ಬಂದು ರಿಪೇರಿ ಮಾಡಿಸಬಹುದೇ?
— ಓದುಗರು, ಶಿವಮೊಗ್ಗ

ಬಸ್ಸಿನಲ್ಲಿ ಹೋಗಿ. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಕಾರಿನ ಭಾರ ಹೊರಗಿನ ಚಕ್ರಗಳಿಗೆ ಹೋಗುತ್ತದೆ, ಇಳಿಯುವಾಗ ಬ್ರೇಕಿನ ಎಳೆತ ಬೇರೆ. ನಾಲ್ಕು ನಟ್ಟು ಹೊರಬೇಕಾದದ್ದನ್ನು ಮೂರು ಹೊರಬೇಕು. ನಾಲ್ಕನೆಯದನ್ನು ಮುರಿದ ಕಾರಣ ಏನಿತ್ತೋ ಅದು ಆ ಮೂರಕ್ಕೂ ತಾಗಿರುತ್ತದೆ. ನಿಧಾನವಾಗಿ ಹತ್ತಿರದ ಗ್ಯಾರೇಜಿನವರೆಗೆ ಹೋಗಿ, ಅಷ್ಟೇ. ಮುರಿದದ್ದರ ಜೊತೆಗೆ ಅದರ ಅಕ್ಕಪಕ್ಕದ ಎರಡನ್ನೂ ಬದಲಿಸಿ. ನಾಲ್ಕೇ ಇರುವ ಚಕ್ರವಾದ್ದರಿಂದ ಆ ಉಳಿದ ಒಂದನ್ನು ಯಾಕೆ ಬಿಡುತ್ತೀರಿ, ಅದನ್ನೂ ಸೇರಿಸಿ.

ಚಕ್ರ ಕಳುವಾಗದಂತೆ ಹಾಕುವ ಲಾಕ್ ನಟ್ಟಿನ ಕೀ ಕಳೆದುಹೋಗಿದೆ. ಉಳಿದ ನಟ್ಟಿನ ಮೂಲೆಗಳೂ ಉರುಟಾಗಿವೆ. ಗ್ಯಾಸ್ ಹಚ್ಚಿ ಕಾಯಿಸಿ ತೆಗೆಯುತ್ತೇವೆ ಎನ್ನುತ್ತಿದ್ದಾರೆ.
— ಓದುಗರು, ಶಿಕಾರಿಪುರ

ಟೈರಿನಲ್ಲಿ ಗಾಳಿ ತುಂಬಿರುವಾಗ ಚಕ್ರಕ್ಕೆ ಗ್ಯಾಸ್ ಬೆಂಕಿ ಹಿಡಿಯಲು ಯಾರಿಗೂ ಬಿಡಬೇಡಿ. ಟೈರ್ ಸಿಡಿದು ಜೀವ ಹೋಗುತ್ತದೆ. ಉರುಟಾದ ನಟ್ಟನ್ನು ಕಚ್ಚಿ ತೆಗೆಯಲೆಂದೇ ಒಳಗೆ ಸುರುಳಿ ಹಲ್ಲಿರುವ ಸಾಕೆಟ್ ಬರುತ್ತದೆ, ಒಳ್ಳೆಯ ಗ್ಯಾರೇಜಿನಲ್ಲಿ ಇರುತ್ತದೆ. ಅದಿಲ್ಲದಿದ್ದರೆ ಒಂದು ಅಳತೆ ಸಣ್ಣದಾದ ಹಳೆಯ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುತ್ತಾರೆ. ಲಾಕ್ ನಟ್ಟಿಗೂ ಹೆಚ್ಚಿನ ಸಲ ಇದೇ ಉಪಾಯ ಸಾಕಾಗುತ್ತದೆ. ಅದಕ್ಕೂ ಮೊದಲು ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಜ್ಯಾಕಿನ ಚೀಲ, ಸ್ಟೆಪ್ನಿಯ ಅಡಿಭಾಗ ಮೂರನ್ನೂ ಹುಡುಕಿ, ಕೊನೆಯ ಸಲ ಚಕ್ರ ಬಿಚ್ಚಿದ ಅಂಗಡಿಗೂ ಹೋಗಿ ಕೇಳಿ. ಕೀ ಅಲ್ಲೇ, ಅವರ ಸಾಕೆಟ್ಟಿನ ಒಳಗೇ ಸಿಕ್ಕಿಕೊಂಡಿರಬಹುದು.